ಪಾಳುಮನೆಗೆ ಮಾಲೀಕರು ಬೇಕಾಗಿದ್ದಾರೆ

ವಿಜಯನಗರದ ಕಡೆ ಬೀಗ ಹಾಕಿದ ಮನೆಯ ಮುಂದೆ ನಿಂತು 'ಇದು ಯಾರದು' ಎಂದು ಕೇಳಬಾರದು. ಉತ್ತರ ಸಿಗುವುದಿಲ್ಲ ಅಂತಲ್ಲ, ವಿಪರೀತ ಸಿಗುತ್ತದೆ. ಫಕೀರೇಶನಿಗೆ ಇದು ಗೊತ್ತಿರಲಿಲ್ಲ. ಅವನು ಶಿರಹಟ್ಟಿ ಕಡೆಯವನು. ಅಲ್ಲಿ ಮನೆ ಯಾರದೆಂದು ಕೇಳಿದರೆ ಹೆಸರು ಹೇಳಿ, ಕುಡಿಯಲು ನೀರು ಕೊಟ್ಟು, ದಾರಿ ತೋರಿಸಿ ಕಳಿಸುತ್ತಾರೆ.

ಬೆಂಗಳೂರಿಗೆ ಬಂದು ಆರು ವರ್ಷವಾಗಿದ್ದರೂ ಅವನು ಕಂಡ ಬೆಂಗಳೂರೆಂದರೆ ಆರ್‌ಪಿಸಿ ಲೇಔಟಿನಲ್ಲಿದ್ದ ಸೇತುರಾಮನ ಫೋಟೋ ಸ್ಟುಡಿಯೋ. ಒಂದು ಕನ್ನಡಿ, ದಾರ ಕಟ್ಟಿದ ಒಂದು ಬಾಚಣಿಗೆ, ಒಂದು ಪೌಡರ್ ಡಬ್ಬಿ, ಬಂದವರಿಗೆಲ್ಲ ತೊಡಿಸುವ ಒಂದು ಕಪ್ಪು ಕೋಟು. ಆ ಕೋಟು ತೊಟ್ಟು ಫೋಟೋ ತೆಗೆಸಿಕೊಂಡು ಕೆಲಸಕ್ಕೆ ಸೇರಿದವರು ನಿವೃತ್ತಿಯಾಗಿದ್ದರು, ಕೋಟು ಮಾತ್ರ ಇನ್ನೂ ಸೇವೆಯಲ್ಲಿತ್ತು. ಫಕೀರೇಶ ಹಗಲು ಪಾಸ್‌ಪೋರ್ಟ್ ಫೋಟೋ ತೆಗೆಯುತ್ತಿದ್ದ, ಮುಹೂರ್ತವಿದ್ದ ದಿನ ಸ್ಟುಡಿಯೋದ ರೀಲ್ ಕ್ಯಾಮೆರಾ ಹೆಗಲಿಗೇರಿಸಿ ಛತ್ರಕ್ಕೆ ಹೋಗುತ್ತಿದ್ದ.

ಎರಡು ಸಾವಿರದ ಆರರ ಹೊತ್ತಿಗೆ ಛತ್ರಗಳಿಂದ ಕರೆ ಬರುವುದು ನಿಂತಿತು. ಎಲ್ಲರಿಗೂ ಡಿಜಿಟಲ್ ಬೇಕಾಗಿತ್ತು.

"ದೀಪಾವಳಿ ತನಕ ನೋಡ್ತೀನಿ ಕಣಯ್ಯ," ಎಂದ ಸೇತುರಾಮ. "ನಿನ್ನ ಕೈಲಿ ಒಂದು ಡಿಜಿಟಲ್ ಇದ್ರೆ ಇರು. ಇಲ್ದಿದ್ರೆ ಈ ಕ್ಯಾಮೆರಾಗೂ ನಿನಗೂ ಒಟ್ಟಿಗೇ ವಿಶ್ರಾಂತಿ."

"ನೀವ ಒಂದು ತಗೋಬಹುದಲ್ರಿ ಸರ್ರ?"

"ನಾನು ತಗೊಂಡ್ರೆ ನಾನೇ ಹೊಡೀತೀನಲ್ಲಯ್ಯ. ನೀನ್ಯಾಕೆ ಬೇಕು?"

ಮಾತಿನಲ್ಲಿ ನ್ಯಾಯವಿತ್ತು. ಸೇತುರಾಮನ ಮಾತುಗಳೆಲ್ಲ ಹಾಗೆಯೇ, ನ್ಯಾಯವಾಗಿಯೇ ಇರುತ್ತಿದ್ದವು, ಅವನ ಕಡೆಯಿಂದ.

ಅದೇ ವಾರ ಛಾಯಾಗ್ರಾಹಕರ ಬಳಗವೊಂದರ ಸ್ಪರ್ಧೆಯ ಕಾಗದ ಸ್ಟುಡಿಯೋಗೆ ಬಂತು. ವಿಷಯ: ಮರೆಯಾಗುತ್ತಿರುವ ಮನೆಗಳು. ಮೊದಲ ಬಹುಮಾನ ಒಂದು ಡಿಜಿಟಲ್ ಕ್ಯಾಮೆರಾ. ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿ, 'ಖಾಸಗಿ ಮನೆಯಾದಲ್ಲಿ ಮಾಲೀಕರ ಲಿಖಿತ ಒಪ್ಪಿಗೆ ಲಗತ್ತಿಸತಕ್ಕದ್ದು.' ಸಣ್ಣ ಅಕ್ಷರವನ್ನು ಇಡೀ ಬೆಂಗಳೂರಿನಲ್ಲಿ ಓದಿದವನು ಬಹುಶಃ ಫಕೀರೇಶ ಒಬ್ಬನೇ.

ಮನೆ ಅವನ ಕಣ್ಣಿಗೆ ಮೊದಲೇ ಬಿದ್ದಿತ್ತು. ಲೇಔಟಿನ ಹಿಂದೆ, ದೀಪಾಂಜಲಿ ನಗರದ ಕಡೆಗೆ ಹೋಗುವಾಗ, ಹಳೆಯ ಹಳ್ಳಿಯೊಂದರ ನಾಲ್ಕು ಬೀದಿಗಳು ಹೊಸ ಕಟ್ಟಡಗಳ ನಡುವೆ ಸಿಕ್ಕಿಕೊಂಡು ಉಳಿದಿದ್ದವು. ಅಲ್ಲೊಂದು ತೊಟ್ಟಿಮನೆ. ಬಾಗಿಲಿಗೆ ಒಂದಲ್ಲ, ಎರಡು ಬೀಗ. ಗೋಡೆಯ ಮೇಲೆ 'ಈ ಸ್ವತ್ತು ಮಾರಾಟಕ್ಕಿಲ್ಲ' ಎಂದು ಎರಡು ಕೈಬರಹದಲ್ಲಿ ಎರಡು ಸಲ ಬರೆದಿತ್ತು. ಮುರಿದ ಕಿಟಕಿಯಲ್ಲಿ ಇಣುಕಿದರೆ ಒಳಗೆ ಮಾಡಿನ ಹೆಂಚು ಬಿದ್ದು, ತೊಟ್ಟಿಯ ಪಕ್ಕದ ಪಡಸಾಲೆಯಲ್ಲಿ ಒರಳುಕಲ್ಲು, ಅದರ ಪಕ್ಕ ಗೋಡೆ ಸೀಳಿ ಹುಟ್ಟಿದ ಅರಳಿ ಗಿಡ. ಬೆಳಗಿನ ಹತ್ತರ ಬಿಸಿಲು ಹೆಂಚು ಬಿದ್ದ ಸಂದಿಯಿಂದ ನೇರ ಒರಳಿನ ಗುಂಡಿಗೆ ಇಳಿಯುತ್ತಿತ್ತು, ಯಾರೋ ಹಾಲು ಸುರಿದ ಹಾಗೆ. ಇದನ್ನು ತೆಗೆದರೆ ಕ್ಯಾಮೆರಾ ತನ್ನದೇ ಎಂದು ಫಕೀರೇಶನಿಗೆ ಅನಿಸಿಬಿಟ್ಟಿತು.

ಅವನು ಎದುರಿನ ಬೇಕರಿಗೆ ಹೋಗಿ, "ಈ ಮನಿ ಯಾರದ್ರಿ ಅಣ್ಣಾ?" ಎಂದು ಕೇಳಿದ.

ಬೇಕರಿಯವನು ಬನ್ ಕೊಯ್ಯುವುದನ್ನು ನಿಲ್ಲಿಸಿದ. "ರೇಟು ಎಷ್ಟು ಅಂದ್ಕೊಂಡಿದೀರಾ ಸಾರ್?"

"ರೇಟಲ್ರಿ. ಫೋಟೋ ತಗಿಯಾಕ."

"ಹೂಂ, ಮೊದ್ಲು ಎಲ್ರೂ ಫೋಟೋನೇ ತೆಗಿಯೋದು," ಎಂದ ಅವನು ಕಣ್ಣು ಮಿಟುಕಿಸಿ.

ಟೀ ಮುಗಿಯುವುದರೊಳಗೆ ಮೂವರು ಬ್ರೋಕರುಗಳು ಬಂದು ನಿಂತರು. ಒಬ್ಬ, "ಪೂರ್ವ ದಿಕ್ಕಿನ ಬಾಗಿಲು ಸಾರ್, ಪತ್ರ ಎಲ್ಲಾ ಕ್ಲಿಯರ್," ಎಂದ. ಇನ್ನೊಬ್ಬ, "ಅರಳಿ ಮರ ಒಳಗೇ ಇದೆ, ಬೇರೆಯೋರು ಕಟ್ಟೆ ಕಟ್ಟಿಸ್ತಾರೆ, ನಿಮಗೆ ಫ್ರೀ," ಎಂದ. ಮೂರನೆಯವನು ಮಾತಾಡದೆ ಫಕೀರೇಶನ ಚಪ್ಪಲಿ ನೋಡಿ, ಇವನು ಕೊಳ್ಳುವ ಗಿರಾಕಿಯಲ್ಲವೆಂದು ತೀರ್ಮಾನಿಸಿ ಹೊರಟುಹೋದ. ಮೂವರಲ್ಲಿ ಕಸುಬು ಬಲ್ಲವನು ಅವನೇ. ಹೋಗುವ ಮುಂಚೆ ಒಂದು ಉಪಕಾರ ಮಾಡಿದ. "ನಾಗರಾಜಣ್ಣನ ಕೇಳು ಗುರು," ಎಂದ.

ನಾಗರಾಜು ಆ ಹಳ್ಳಿಯ ಹಳೆಯ ಒಕ್ಕಲು ಮನೆತನದವನು. ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಈಗ ಮೂರು ಮಹಡಿ ಎದ್ದಿತ್ತು, ಕೆಳಗೆ ಅಂಗಡಿ ಸಾಲು. ಅದರ ಮುಂದೆ ಕುರ್ಚಿ ಹಾಕಿಕೊಂಡು, ಬಿಳಿ ಸುಮೋ ಪಕ್ಕದಲ್ಲಿ ನಿಲ್ಲಿಸಿಕೊಂಡು ಕೂತಿರುವುದೇ ಅವನ ಉದ್ಯೋಗ. ಫಕೀರೇಶ ಹೇಳಿದ್ದನ್ನೆಲ್ಲ ಕೇಳಿ ಅವನು ಒಂದೇ ಪ್ರಶ್ನೆ ಹಾಕಿದ.

"ಮಂಜ ಕಳಿಸಿದ್ನಾ?"

"ಯಾವ ಮಂಜ ರೀ?"

"ಗೊತ್ತಿಲ್ದಂಗೆ ಆಡ್ಬೇಡ. ನಮ್ಮ ದೊಡ್ಡಪ್ಪನ ಮಗ ಮಂಜುನಾಥ. ಮನೆ ಬಿದ್ದೋಗಿದೆ, ನಾಗರಾಜು ನೋಡ್ಕೊಳ್ತಿಲ್ಲ ಅಂತ ಫೋಟೋ ಹೊಡ್ಸಿ ಕೋರ್ಟಿಗೆ ಕೊಡೋ ಪ್ಲಾನು. ಹನ್ನೊಂದು ವರ್ಷದಿಂದ ಕೇಸು ನಡೀತಿದೆ, ನಾನೇನು ಕಾಣದವನಾ?"

ಸ್ಪರ್ಧೆಯ ಕಾಗದ ತೋರಿಸಿದ ಮೇಲೆ ನಾಗರಾಜು ತಣ್ಣಗಾದ. ತಣ್ಣಗಾದವನೇ ಉದಾರಿಯೂ ಆದ. "ಫೋಟೋ ತಾನೇ? ತಗೋ. ನಮ್ದೇ ಮನೆ. ಸಹಿ ಹಾಕ್ತೀನಿ. ನೀನೂ ಒಂದು ಸಣ್ಣ ಉಪಕಾರ ಮಾಡು. 'ಬಾಗಿಲು ತೆಗೆದುಕೊಟ್ಟವರು ನಾಗರಾಜು, ಒಳಗೆ ಅವರ ಸಾಮಾನು ನೋಡಿದ್ದೇನೆ' ಅಂತ ಬರ್ಕೊಡು. ಕೋರ್ಟಿಗೆ ಎರಡು ಸಲ ಬರ್ಬೇಕಾಗುತ್ತೆ ಅಷ್ಟೆ, ಸುಮೋ ಕಳಿಸ್ತೀನಿ."

"ಒಳಗ ನಿಮ್ ಸಾಮಾನು ಅದಾವೇನ್ರಿ?"

"ಇಡೋಣ ಬಿಡು."

ಫಕೀರೇಶ ಕೈಮುಗಿದು ಎದ್ದು ಬಂದ. ಫೋಟೋ ತೆಗೆಯಲು ಹೋಗಿ ಸಾಕ್ಷಿಯಾಗುವುದು ಅವನಿಗೆ ಬೇಕಿರಲಿಲ್ಲ.

ಮಂಜುನಾಥನ ಮನೆ ಅದೇ ಬೀದಿಯ ಇನ್ನೊಂದು ತುದಿ. ಬೀದಿ ಉದ್ದವಿಲ್ಲ, ಒಂದು ತುದಿಯಲ್ಲಿ ಒಗ್ಗರಣೆ ಹಾಕಿದರೆ ಇನ್ನೊಂದು ತುದಿಯಲ್ಲಿ ಸೀನುತ್ತಾರೆ. ಆದರೂ ದಾಯಾದಿಗಳು ಹನ್ನೊಂದು ವರ್ಷದಿಂದ ಒಬ್ಬರ ಮುಖ ಒಬ್ಬರು ನೋಡಿರಲಿಲ್ಲ. ಮಂಜುನಾಥ ಕಾರ್ಖಾನೆಯೊಂದರಲ್ಲಿ ಸೂಪರ್‌ವೈಸರು. ನಾಗರಾಜುಗೆ ಗಂಟಲು ಇದ್ದರೆ ಇವನಿಗೆ ಫೈಲು ಇತ್ತು. ಫಕೀರೇಶ ಬಾಯಿ ಬಿಡುವ ಮೊದಲೇ ಒಂದು ದಪ್ಪ ಫೈಲು ಬಂದು ಮೇಜಿನ ಮೇಲೆ ಕೂತಿತು.

"ಒಪ್ಪಿಗೆ ಕೊಡೋಕೆ ನನ್ನ ಅಭ್ಯಂತರ ಏನಿಲ್ಲ," ಎಂದ ಮಂಜುನಾಥ ಹಾಳೆ ತಿರುವುತ್ತ. "ಆದ್ರೆ ನಿಮ್ಮ ಪತ್ರದಲ್ಲಿ ಮಾಲೀಕರು ಮಂಜುನಾಥ್ ಅಂತಿದ್ರೆ ಸಾಲ್ದು. 'ನಾಗರಾಜು ಮಾಲೀಕರಲ್ಲ' ಅಂತಾನೂ ಇರಬೇಕು."

"ಯಾರ್‍ಯಾರು ಮಾಲೀಕರಲ್ಲ ಅಂತ ಬರ್ಕೋತ ಕುಂತ್ರ ಭಾಳ ಮಂದಿ ಆಗ್ತಾರಲ್ರಿ ಸರ್ರ?"

"ಒಬ್ಬನ ಹೆಸರು ಸಾಕು."

ಫಕೀರೇಶ ತಲೆ ಕೆರೆದುಕೊಂಡ. ಅವನ ಪಾಡು ನೋಡಿ ಮಂಜುನಾಥನಿಗೂ ಒಂದು ಯೋಚನೆ ಬಂತು. "ಅನುಮಾನ ಇದ್ರೆ ನಮ್ಮತ್ತೇನ ಕೇಳಿ. ಅಕ್ಕಯ್ಯಮ್ಮ ಅಂತ. ನಮ್ಮಪ್ಪಂಗೂ ಅವನಪ್ಪಂಗೂ ಒಬ್ಳೇ ತಂಗಿ. ಹಳೇದೆಲ್ಲ ಅವರಿಗೇ ಗೊತ್ತು. ನಾಳೆ ನನ್ನ ಕಡೆ ಸಾಕ್ಷಿ ಹೇಳೋರೂ ಅವರೇ."

ನಾಗರಾಜು ಕೂಡ ಅದೇ ಹೆಸರನ್ನು, ಅದೇ ಭರವಸೆಯಲ್ಲಿ, ಬೇಕರಿಯವನ ಕೈಲಿ ಹೇಳಿ ಕಳಿಸಿದ್ದ.

ಅಕ್ಕಯ್ಯಮ್ಮ ಪಾಳುಮನೆಯ ಪಕ್ಕದಲ್ಲೇ, ಹಿಂದೆ ದನದ ಕೊಟ್ಟಿಗೆಯಾಗಿದ್ದ ತಗಡಿನ ಮಾಡಿನ ಒಂದು ಕೋಣೆಯಲ್ಲಿದ್ದಳು. ಎಪ್ಪತ್ತು ದಾಟಿತ್ತು. ಚಿಕ್ಕ ವಯಸ್ಸಿಗೇ ಗಂಡ ಸತ್ತು ತವರಿಗೆ ಬಂದವಳು. ಫಕೀರೇಶ ಮರುದಿನ, ಬುಧವಾರ ಬೆಳಿಗ್ಗೆ ಹೋದಾಗ ಅವಳ ಮುಂದೆ ಎರಡು ಸ್ಟೀಲ್ ಡಬ್ಬಿ ಇದ್ದವು. ಒಂದರಲ್ಲಿ ಇಡ್ಲಿ, ಇನ್ನೊಂದರಲ್ಲಿ ಉಪ್ಪಿಟ್ಟು.

"ಇಡ್ಲಿ ನಾಗನ ಮನೇದು, ಉಪ್ಪಿಟ್ಟು ಮಂಜನ ಮನೇದು," ಎಂದಳು. "ಕೇಸು ಶುರುವಾದಾಗಿಂದ ಒಂದಿನಾನೂ ತಪ್ಪಿಲ್ಲ. ಅದಕ್ಕೆ ಮುಂಚೆ ಯಾರೂ ಒಂದು ಲೋಟ ಕಾಫಿ ಕೊಟ್ಟವರಲ್ಲ. ತಗೋ, ಇಡ್ಲಿ ತಿನ್ನು. ಉಪ್ಪಿಟ್ಟು ನಾನು ಕೊಡಲ್ಲ, ಆ ಹುಡುಗಿ ಚೆನ್ನಾಗಿ ಮಾಡ್ತಾಳೆ."

"ಸಾಕ್ಷಿ ಯಾರ ಕಡೆ ಹೇಳ್ತೀರಿ ಯವ್ವಾ?"

"ಯವ್ವಾ ಅಂತಾನೆ ನೋಡು!" ಮುದುಕಿಗೆ ನಗು ಬಂತು. "ಹೇಳಿದ್ ಮಾರನೇ ದಿನ ಒಂದು ಡಬ್ಬಿ ನಿಲ್ಲುತ್ತೆ. ಗೆದ್ದ ಮೇಲೆ ಇನ್ನೊಂದೂ ನಿಲ್ಲುತ್ತೆ. ಅದಕ್ಕೇ ಕೋರ್ಟಿನ ದಿನ ಬಂದಾಗೆಲ್ಲ ನಂಗೆ ಮರೆವು. ಡಾಕ್ಟ್ರೂ ಬರ್ಕೊಟ್ಟಿದಾರೆ."

ಫಕೀರೇಶ ತನ್ನ ಕಥೆ ಹೇಳಿದ. ಸ್ಪರ್ಧೆ, ಕ್ಯಾಮೆರಾ, ದೀಪಾವಳಿ, ಮಾಲೀಕರ ಸಹಿ. ಅಕ್ಕಯ್ಯಮ್ಮ ಅವನ ಮುಖವನ್ನೇ ನೋಡುತ್ತ ಕೇಳಿದಳು.

"ಈ ಊರಲ್ಲಿ ನಿಂಗೆ ನೆಂಟ್ರು ಇದಾರಾ?"

"ಇಲ್ರಿ."

"ಮದುವೆ?"

"ಆಗಿಲ್ರಿ."

"ಓದಕ್ ಬರುತ್ತಾ?"

"ಬರ್ತೈತ್ರಿ."

"ಹಾಗಿದ್ರೆ ಓದೋಕೆ ಬರುತ್ತೆ, ಹೇಳೋಕೆ ಯಾರೂ ಇಲ್ಲ. ಇಂಥವನಿಗಾಗಿ ಎಷ್ಟು ವರ್ಷದಿಂದ ಕಾಯ್ತಿದೀನಿ ಗೊತ್ತಾ? ಬಾಗಿಲು ಹಾಕು."

ಕಬ್ಬಿಣದ ಟ್ರಂಕಿನ ತಳದಿಂದ, ಹಳೆಯ ರೇಷ್ಮೆ ರವಿಕೆ ಕಣದ ಮಡಿಕೆಯೊಳಗಿಂದ ಒಂದು ಕಾಗದ ಬಂತು. ಅಪ್ಪ ಸಾಯುವ ಹಿಂದಿನ ವರ್ಷ ಕೊಟ್ಟು, ಜೋಪಾನ ಮಗ ಎಂದಿದ್ದನಂತೆ. ಅವಳಿಗೆ ಓದು ಬಾರದು. ಬೀದಿಯಲ್ಲಿ ಓದು ಬಂದವರೆಲ್ಲ ನಾಗನ ಕಡೆಯವರು, ಇಲ್ಲವೇ ಮಂಜನ ಕಡೆಯವರು. ಅಣ್ಣಂದಿರು ಬದುಕಿದ್ದಾಗ ಕೇಳಿದರೆ ತನ್ನ ಜಾತಕ ಎಂದು ಹೇಳಿ ಮುಚ್ಚಿಟ್ಟಿದ್ದಳು.

ಫಕೀರೇಶ ಓದಿದ. ತನ್ನ ಸ್ವಂತ ದುಡಿಮೆಯಿಂದ ಕಟ್ಟಿದ ಸದರಿ ಮನೆಯನ್ನು ಮಗಳು ಅಕ್ಕಯ್ಯಮ್ಮನಿಗೆ ಅರಿಶಿನ ಕುಂಕುಮದ ಬಾಬ್ತು ದಾನವಾಗಿ ಕೊಟ್ಟಿರುತ್ತೇನೆ, ಇದರಲ್ಲಿ ಗಂಡುಮಕ್ಕಳಿಗಾಗಲೀ ಅವರ ವಾರಸುದಾರರಿಗಾಗಲೀ ಯಾವ ಹಕ್ಕೂ ಇರುವುದಿಲ್ಲ. ಕೆಳಗೆ ರಿಜಿಸ್ಟ್ರಾರ್ ಕಚೇರಿಯ ಮೊಹರು.

"ಇನ್ನೊಂದ್ಸಲ ಓದು," ಎಂದಳು ಅಕ್ಕಯ್ಯಮ್ಮ.

ಓದಿದ. ಮೂರನೆಯ ಸಲವೂ ಓದಿಸಿದಳು. ಆಮೇಲೆ ಸೆರಗಿನಿಂದ ಮುಖ ಒರೆಸಿಕೊಂಡು ಕಾಗದವನ್ನು ಮತ್ತೆ ಕಣದಲ್ಲಿ ಸುತ್ತಿಟ್ಟಳು. ನಲವತ್ತು ವರ್ಷ ತನ್ನ ಮನೆಯ ಕೊಟ್ಟಿಗೆಯಲ್ಲಿ ತಾನೇ ಹಂಗಿನವಳಾಗಿ ಇದ್ದಳು.

"ಸರಿ," ಎಂದಳು ಕೊನೆಗೆ. "ಹಾಗಾದ್ರೆ ಒಪ್ಪಿಗೆ ಕೊಡೋಳು ನಾನೇ ಆಯ್ತು. ಹಿತ್ತಲ ಗೋಡೆ ಬಿದ್ದಿದೆ, ಒಳಗೆ ಹೋಗಿ ಈಗಿಂದೀಗ್ಲೇ ಹೊಡ್ಕೊಂಡು ಹೋಗು."

ಹತ್ತು ಗಂಟೆ. ಬಿಸಿಲು ಒರಳಿಗೆ ಇಳಿಯುವ ಹೊತ್ತು. ಕ್ಯಾಮೆರಾ ಹೆಗಲಲ್ಲೇ ಇತ್ತು, ರೀಲೂ ಹಾಕಿತ್ತು. ಆಗ ಫಕೀರೇಶ ಜೀವಮಾನದ ತಪ್ಪು ಮಾಡಿದ.

"ಬಾಯಿಮಾತಿನ್ಯಾಗ ಆಗಂಗಿಲ್ರಿ ಯವ್ವಾ. ಬರವಣಿಗಿ ಬೇಕು. ಕರಾರು ಬರಿಯೋ ಹಸಿರು ಕಾಗದದ ಮ್ಯಾಲ ಟೈಪ್ ಮಾಡಿಸ್ಕೊಂಡು ಬರ್ತೀನಿ, ನೀವು ಹೆಬ್ಬೆಟ್ಟು ಒತ್ರಿ. ಆಮ್ಯಾಲ ಒಳಗ ಕಾಲಿಡ್ತೀನಿ."

ಆರು ವರ್ಷದಲ್ಲಿ ಬೆಂಗಳೂರಿನಿಂದ ಅವನು ಕಲಿತಿದ್ದು ಇದೊಂದೇ. ಹಸಿರು ಕಾಗದದ ಮೇಲೆ ಇಲ್ಲದ ಮಾತು ಮಾತೇ ಅಲ್ಲ ಅಂತ. ಕಲಿಯಬಾರದ ಹೊತ್ತಿನಲ್ಲಿ ಕಲಿತಿದ್ದ.

"ಅಯ್ಯೋ ಪೆದ್ದಪ್ಪಾ," ಎಂದಳು ಅಕ್ಕಯ್ಯಮ್ಮ. ಅಷ್ಟರಲ್ಲೇ ಅವಳಿಗೂ ಏನೋ ಹೊಳೆಯಿತು. ಎರಡು ಡಬ್ಬಿಗಳನ್ನೂ ಒಂದೊಂದಾಗಿ ನೋಡಿದಳು. "ಆಗ್ಲಿ. ಭಾನುವಾರ ಬಾ. ಬರೋವಾಗ ಕಾಗದಾನೂ ತಾ, ಕ್ಯಾಮೆರಾನೂ ತಾ. ಅಲ್ಲೀವರ್ಗೂ ಓದಿದ್ದು ಹೊಟ್ಟೇಲಿರ್ಲಿ."

ಸೋಮವಾರ ಸ್ಪರ್ಧೆಗೆ ಕೊನೆಯ ದಿನ. ಭಾನುವಾರವಾದರೆ ಸಾಕು ಎಂದುಕೊಂಡು ಫಕೀರೇಶ ಖುಷಿಯಿಂದ ಸ್ಟುಡಿಯೋಗೆ ಹೋದ. ಕಾಗದದಲ್ಲಿ ಓದಿದ್ದನ್ನು ಹೊಟ್ಟೆಯಲ್ಲೇ ಇಟ್ಟುಕೊಂಡ. ಮನೆಯ ಅಂದವನ್ನು ಮಾತ್ರ ತಡೆಯಲಾಗದೆ ಸೇತುರಾಮನ ಮುಂದೆ ಬಾಯಿತುಂಬ ಹೊಗಳಿದ.

"ಅಂಥಾ ಮನೆನಾ!" ಎಂದ ಸೇತುರಾಮ. "ಬೆಳಕು ಎಷ್ಟೊತ್ತಿಗೆ ಬೀಳುತ್ತೆ ಅಂದೆ?"

"ಹತ್ತಕ್ರಿ."

"ಹಿತ್ತಲ ಗೋಡೆ ಬಿದ್ದಿದ್ಯಾ? ಪಾಪ. ನಾಳೆ ಬೆಳಿಗ್ಗೆ ಕೆಂಗೇರೀಲಿ ಒಂದು ನಾಮಕರಣ ಇದೆ ಕಣಯ್ಯ, ನೀನೇ ಹೋಗ್ಬಾ."

ಗುರುವಾರ ಫಕೀರೇಶ ಕೆಂಗೇರಿಯಲ್ಲಿ ತೊಟ್ಟಿಲ ಮುಂದೆ ನಿಂತು ಫೋಟೋ ಹೊಡೆದ. ಶುಕ್ರವಾರ ಟೈಪಿಂಗ್ ಅಂಗಡಿಗೆ ಹೋದ. ಟೈಪಿಸ್ಟ್ ವತ್ಸಲಾ ಸಬ್ ರಿಜಿಸ್ಟ್ರಾರ್ ಕಚೇರಿಯ ಎದುರು ಇಪ್ಪತ್ತು ವರ್ಷದಿಂದ ಕೂತವಳು. ಫೋಟೋಗೆ ಒಪ್ಪಿಗೆ ಪತ್ರ ಅವಳು ಕಂಡಿರಲಿಲ್ಲ. "ಬಾಡಿಗೆ ಕರಾರಿದೆ, ಭೋಗ್ಯ ಇದೆ, ವಿಭಾಗ ಇದೆ. ಯಾವುದ್ರಲ್ಲಿ ಹಾಕ್ಲಿ?" ಎಂದು ಕೇಳಿ, ಬಾಡಿಗೆ ಕರಾರನ್ನೇ ತಿದ್ದಿ ಕೊಟ್ಟಳು. ಛಾಯಾಚಿತ್ರ ತೆಗೆದ ನಂತರ ಮನೆಯನ್ನು ಮೊದಲಿದ್ದ ಸ್ಥಿತಿಯಲ್ಲಿಯೇ ಮಾಲೀಕರಿಗೆ ಒಪ್ಪಿಸತಕ್ಕದ್ದು ಎಂಬ ಸಾಲು ಅದರಲ್ಲಿ ಉಳಿದುಕೊಂಡಿತು.

ಭಾನುವಾರ ಒಂಬತ್ತೂವರೆಗೆ ಫಕೀರೇಶ ಆ ಬೀದಿಗೆ ತಿರುಗಿದ. ತಿರುಗಿದವನು ದಾರಿ ತಪ್ಪಿತೇನೋ ಎಂದು ಹಿಂದೆ ಬಂದು ಬೇಕರಿಯ ಬೋರ್ಡು ನೋಡಿದ. ಬೇಕರಿ ಅದೇ. ಬೀದಿಯೂ ಅದೇ. ಮನೆ ಮಾತ್ರ ಅದಲ್ಲ.

ಎಡ ಅರ್ಧ ಗುಲಾಬಿ ಬಣ್ಣ, ಬಲ ಅರ್ಧ ಗಿಳಿ ಹಸಿರು. ಎರಡೂ ಬಣ್ಣ ಹೆಬ್ಬಾಗಿಲಿನ ನಟ್ಟನಡುವೆ, ದಾರ ಹಿಡಿದು ಗೀಟು ಎಳೆದ ಹಾಗೆ ಸಂಧಿಸಿದ್ದವು. ಬಿದ್ದ ಮಾಡಿಗೆ ಹೊಸ ಹೆಂಚು ಬಂದಿತ್ತು. ಅರಳಿ ಗಿಡವಿದ್ದ ಕಡೆ ಸಿಮೆಂಟಿನ ತೇಪೆ. ಒರಳುಕಲ್ಲಿಗೆ ಯಾರೋ ಅಲ್ಯೂಮಿನಿಯಂ ಪೇಂಟ್ ಹೊಡೆದಿದ್ದರು. ಹೊಸ ಹೆಂಚಿನಡಿ ಬಿಸಿಲಿಗೆ ಒಳಗೆ ಬರಲು ಸಂದಿಯೇ ಇರಲಿಲ್ಲ.

ಗುಲಾಬಿ ಕಡೆ ರೇಷ್ಮೆ ಅಂಗಿ ತೊಟ್ಟ ನಾಗರಾಜು ಸಂಸಾರ ಸಮೇತ ನಿಂತಿದ್ದ. ಹಸಿರು ಕಡೆ ಸಫಾರಿ ತೊಟ್ಟ ಮಂಜುನಾಥ ಫೈಲು ಸಮೇತ.

"ಬಾರಪ್ಪಾ ಫೋಟೋಗ್ರಾಫರ್ರು!" ಎಂದ ನಾಗರಾಜು. "ಫೋಟೋ ತೆಗೀತಾರೆ ಅಂದ್ಮೇಲೆ ಮನೇನ ಹಾಗೇ ಬಿಡಕ್ಕಾಗುತ್ತಾ? ನನ್ನ ಕಡೆ ಸ್ವಲ್ಪ ಜಾಸ್ತಿ ಬರ್ಲಿ."

"ಸಮಭಾಗ ಬರಬೇಕು," ಎಂದ ಮಂಜುನಾಥ, ಆಕಾಶ ನೋಡುತ್ತ. ಹನ್ನೊಂದು ವರ್ಷದಲ್ಲಿ ಅವನು ದಾಯಾದಿಗೆ ಕೊಟ್ಟ ಮೊದಲ ಉತ್ತರ ಅದು.

ಫಕೀರೇಶ ಕ್ಯಾಮೆರಾ ಇಳಿಸಿ ಬೇಕರಿಯ ಕಟ್ಟೆಯ ಮೇಲೆ ಕೂತ. ಆರು ವರ್ಷ ಬಂದ ಬಂದವರ ಮುಖಕ್ಕೆ ಪೌಡರ್ ಹಚ್ಚಿಸಿ ಫೋಟೋ ತೆಗೆದವನು ತಾನು. ಫೋಟೋ ಅಂದರೆ ಜನ ತಲೆ ಬಾಚುತ್ತಾರೆ, ಮನೆಗೂ ಬಾಚುತ್ತಾರೆ ಎಂದು ತನಗೇ ಹೊಳೆಯಬೇಕಿತ್ತು.

"ಯಾರ್ರೀ ಇವರಿಗೆ ಹೇಳಿದವ್ರು, ಇವತ್ತು ಫೋಟೋ ಅಂತ?" ಎಂದು ಬೇಕರಿಯವನನ್ನು ಕೇಳಿದ.

"ಅಜ್ಜಿ ಹೇಳಿದ್ದು. ಮಂಜಣ್ಣ ತನ್ನ ಅರ್ಧಕ್ಕೆ ಬಣ್ಣ ಹೊಡೆಸ್ತಾನಂತೆ, ಜಡ್ಜು ಫೋಟೋ ನೋಡಿದ್ರೆ ಮನೆ ನೋಡ್ಕೊಳ್ತಿರೋನು ಅವನೇ ಅಂದ್ಕೊಳಲ್ವಾ, ಅಂತ ನಾಗರಾಜಣ್ಣಂಗೆ. ನಾಗರಾಜಣ್ಣ ಹೆಂಚು ತರಿಸ್ತಾನಂತೆ ಅಂತ ಮಂಜಣ್ಣಂಗೆ. ಗುರುವಾರ ಮಧ್ಯಾಹ್ನ ಇಬ್ರೂ ಬಂದು, ಬೆನ್ನು ತಿರುಗಿಸ್ಕೊಂಡು ನಿಂತು, ಅವರವರ ಬೀಗ ಅವರವರು ತೆಗೆದ್ರು ನೋಡಿ. ನಾವು ಬೀದಿಯೋರೆಲ್ಲ ಅಂಗಡಿ ಬಿಟ್ಟು ನೋಡ್ತಾ ನಿಂತಿದ್ವಿ."

ಆಗಲೇ ಅಕ್ಕಯ್ಯಮ್ಮ ಕೊಟ್ಟಿಗೆಯಿಂದ ಹೊರಗೆ ಬಂದಳು. ಟ್ರಂಕನ್ನು ಇಬ್ಬರು ಗಾರೆ ಕೆಲಸದವರು ಹೊತ್ತಿದ್ದರು. ಬಲಗಾಲಿಟ್ಟು ಹೊಸಿಲು ದಾಟಿ, ನಡುಮನೆಯ ಜಗಲಿಯ ಮೇಲೆ, ಗುಲಾಬಿಗೂ ಹಸಿರಿಗೂ ಸೇರುವಂತೆ ಕಾಲು ಚಾಚಿ ಕೂತಳು.

"ಅತ್ತೇ, ಯಾರ ಭಾಗದಲ್ಲಿ ಕೂತಿದೀರಿ?" ನಾಗರಾಜುಗೆ ಗಾಬರಿ.

"ನನ್ ಭಾಗದಲ್ಲಿ. ಬಾಪ್ಪಾ ಫಕೀರಪ್ಪಾ, ಅಪ್ಪನ ಈ ಕಾಗದಾನ ಜೋರಾಗಿ ಓದು. ಬೇಕರಿವರ್ಗೂ ಕೇಳ್ಸಬೇಕು."

ಫಕೀರೇಶ ಓದಿದ. ಅರಿಶಿನ ಕುಂಕುಮದ ಹತ್ತಿರ ಬಂದಾಗ ಮಂಜುನಾಥ ಕಾಗದ ಕಿತ್ತುಕೊಂಡು ನೋಂದಣಿ ನಂಬರು ನೋಡಿದ. ಕಾಗದ ಗೊತ್ತಿದ್ದವನಾದ್ದರಿಂದ ಅವನ ಮುಖ ಮ್ಲಾನವಾಯಿತು. ನಾಗರಾಜುಗೆ ಅರ್ಥವಾಗಲು ಮಂಜುನಾಥನ ಮುಖ ನೋಡಬೇಕಾಯಿತು. ಇಬ್ಬರೂ ಹರಳೆಣ್ಣೆ ಕುಡಿದವರಂತೆ ಒಬ್ಬರನ್ನೊಬ್ಬರು ನೋಡಿಕೊಂಡರು.

"ಇಷ್ಟು ದಿನ ಯಾಕತ್ತೆ ಹೇಳ್ಲಿಲ್ಲ?" ಎಂದ ನಾಗರಾಜು.

"ಹೇಳಿದ್ರೆ ಹೆಂಚು ಹೊಚ್ಚಿಸ್ತಿದ್ಯೇನೋ?"

ಆ ಪತ್ರ ನೋಡಿ ಇಬ್ಬರ ವಕೀಲರೂ ಆಮೇಲೆ ಕೇಸಿನ ಫೈಲು ಮುಚ್ಚಿಟ್ಟರು.

ಅಕ್ಕಯ್ಯಮ್ಮ ಹಸಿರು ಕಾಗದದ ಮೇಲೆ ಹೆಬ್ಬೆಟ್ಟು ಒತ್ತಿದಳು. ಫಕೀರೇಶನ ಕೈಗೆ ಒಪ್ಪಿಗೆ ಬಂತು, ತೆಗೆಯಲು ಪಾಳುಮನೆ ಇರಲಿಲ್ಲ. ಮುದುಕಿ ಅವನ ಮುಖ ನೋಡಿ ನೊಂದುಕೊಂಡಳು. "ಬುಧವಾರವೇ ಹೊಡ್ಕೋ ಅಂದೆ. ನೀನು ಕಾಗದ ಕಾಗದ ಅಂದೆ. ನಾನೇನ್ಮಾಡ್ಲಿ ಮಗ, ನಂಗೂ ಮಾಡು ಸೋರ್ತಿತ್ತು."

ಬೇರೆ ದಾರಿ ಕಾಣದೆ ಅವನು ಎರಡು ಬಣ್ಣದ ಬಾಗಿಲ ನಡುವೆ ಅವಳನ್ನು ಕೂರಿಸಿ ಒಂದು ಫೋಟೋ ತೆಗೆದು, ಒಪ್ಪಿಗೆ ಪತ್ರ ಲಗತ್ತಿಸಿ ಸೋಮವಾರ ಕಳಿಸಿದ. ಎರಡು ವಾರಕ್ಕೆ ಉತ್ತರ ಬಂತು. 'ತಮ್ಮ ಚಿತ್ರದಲ್ಲಿನ ಮನೆ ಮರೆಯಾಗುತ್ತಿರುವಂತೆ ಕಾಣುವುದಿಲ್ಲ. ದಾಖಲೆಗಳು ಕ್ರಮಬದ್ಧವಾಗಿವೆ.'

ಅದೇ ದಿನ ಸೇತುರಾಮ ಸ್ಟುಡಿಯೋಗೆ ಬಂದಿದ್ದು ಮಧ್ಯಾಹ್ನದ ಮೇಲೆ. ಕೊರಳಲ್ಲಿ ಹೊಚ್ಚಹೊಸ ಡಿಜಿಟಲ್ ಕ್ಯಾಮೆರಾ, ಕೈಯಲ್ಲಿ ಪ್ರಶಸ್ತಿ ಪತ್ರ, ಕಂಕುಳಲ್ಲಿ ಕಟ್ಟು ಹಾಕಿಸಿದ ಫೋಟೋ. ಫೋಟೋದಲ್ಲಿ ಒರಳುಕಲ್ಲು, ಅರಳಿ ಗಿಡ, ಹಾಲು ಸುರಿದಂತೆ ಹತ್ತರ ಬಿಸಿಲು.

ಫಕೀರೇಶ ಬಹಳ ಹೊತ್ತು ನೋಡಿದ. ಚೆನ್ನಾಗಿಯೇ ಬಂದಿತ್ತು. ಅದೇ ಅವನಿಗೆ ಹೆಚ್ಚು ಉರಿದದ್ದು. "ಗುರುವಾರ ಹೋಗಿದ್ರೇನ್ರಿ ಸರ್ರ?"

"ಹಿತ್ತಲ ಕಡೆಯಿಂದ, ಪಾಸ್‌ಪೋರ್ಟ್ ಫೋಟೋ ಕ್ಯಾಮೆರಾ ತಗೊಂಡು. ನೀನು ಹೇಳಿದ್ದು ಸರಿಯಾಗಿತ್ತು ಕಣಯ್ಯ, ಹತ್ತಕ್ಕೇ ಬೆಳಕು." ಸೇತುರಾಮನಿಗೆ ನಾಚಿಕೆ ಇರಲಿಲ್ಲ, ಮೆಚ್ಚುಗೆ ಇತ್ತು.

"ಮಾಲೀಕರ ಸಹಿ?"

ಸೇತುರಾಮ ಅರ್ಜಿಯ ಪ್ರತಿ ತೋರಿಸಿದ. ಮಾಲೀಕರ ಹೆಸರು ಎಸ್. ರಾಮಯ್ಯ. ಸಹಿ ಎಡಗೈಯಲ್ಲಿ ಬರೆದಂತೆ ಅಡ್ಡಾದಿಡ್ಡಿ.

"ಯಾರ್ರೀ ಈ ರಾಮಯ್ಯ?"

"ಪಾಳುಮನೆಗೆ ಎಲ್ಲಯ್ಯ ಮಾಲೀಕ? ಇರ್ಲಿಲ್ಲ, ಒಬ್ಬನ್ನ ಮಾಡ್ಕೊಂಡೆ. ನೀನು ಬೀದಿ ಬೀದಿ ಹುಡುಕಿದೆ. ಅಷ್ಟೇ ವ್ಯತ್ಯಾಸ."

ಫಕೀರೇಶ ತನ್ನ ಚೀಲ ತೆಗೆದು, ಹಸಿರು ಕಾಗದದ ಜೆರಾಕ್ಸ್ ಪ್ರತಿಯನ್ನು ಮೇಜಿನ ಮೇಲೆ ಬಿಡಿಸಿಟ್ಟ. "ಮಾಲೀಕರು ಅದಾರ್ರಿ ಸರ್ರ. ರಿಜಿಸ್ಟರ್ ಪತ್ರ ಐತ್ರಿ. ಬಳಗದವ್ರ ಕಡೆ ಇದರ ಒಂದು ಪ್ರತಿ ಎರಡು ವಾರದ ಹಿಂದನ ಹೋಗೈತಿ. ಒಂದ ಮನಿಗೆ ಇಬ್ಬರು ಮಾಲೀಕರು ಹೆಂಗ ಅಂತ ಇನ್ನೂ ಯಾರೂ ನೋಡಿಲ್ಲ."

ಸೇತುರಾಮ ಕಾಗದವನ್ನು ಎರಡು ಸಲ ಓದಿದ. ಕೊರಳಲ್ಲಿದ್ದ ಕ್ಯಾಮೆರಾ ಸ್ವಲ್ಪ ಭಾರವಾದಂತೆ ಕಂಡಿತು. "ಹೆದರಿಸ್ತಿದೀಯೇನೋ?"

"ಇಲ್ರಿ. ಕರ್ಕೊಂಡು ಹೋಗ್ತೀನ್ರಿ. ನೀವ ಒಪ್ಪಿಗಿ ಕೇಳ್ರಿ. ಹುಡುಕೋ ಕೆಲಸ ನಾ ಮಾಡೀನಿ."

ಸಂಜೆ ಇಬ್ಬರೂ ಹೋದರು. ಅಕ್ಕಯ್ಯಮ್ಮ ತನ್ನ ಜಗಲಿಯ ಮೇಲೆ ಕೂತಿದ್ದಳು. ಮುಂದೆ ಎರಡು ಡಬ್ಬಿ, ಈಗ ಮೂರು ಅಂತಸ್ತಿನವು. ಒಂದರಲ್ಲಿ ಕೋಳಿ ಸಾರು, ಇನ್ನೊಂದರಲ್ಲಿ ಮೀನು.

"ಸಾಕ್ಷಿಯಾಗಿದ್ದಾಗ ಇಡ್ಲಿ ಉಪ್ಪಿಟ್ಟು," ಎಂದಳು ಫಕೀರೇಶನಿಗೆ. "ಈಗ ಉಯಿಲು ಬರೀಬೇಕಲ್ಲ, ಅದಕ್ಕೇ ಕೋಳಿ. ಅತ್ತೆ ಮೂಳೆ ಗಟ್ಟಿ ಇರ್ಲಿ ಅಂತ ಇಬ್ರೂ ಪೈಪೋಟಿ. ಇವರ್ಯಾರು?"

ಫಕೀರೇಶ ಹೇಳಿದ. ಒಂದು ಮಾತೂ ಹೆಚ್ಚು ಹೇಳಲಿಲ್ಲ, ಕಡಿಮೆಯನ್ನೂ ಹೇಳಲಿಲ್ಲ. ಸೇತುರಾಮ ಕೈಮುಗಿದು, "ತಿಳೀದೆ ಆಗ್ಹೋಯ್ತು ತಾಯಿ, ಒಂದು ಒಪ್ಪಿಗೆ ಬರ್ಕೊಟ್ರೆ..." ಎಂದು ರಾಗ ಎಳೆದ.

ಅಕ್ಕಯ್ಯಮ್ಮ ಫೋಟೋವನ್ನು ಕೈಗೆ ತೆಗೆದುಕೊಂಡು ಬೆಳಕಿಗೆ ಹಿಡಿದು ನೋಡಿದಳು. ಆ ಒರಳಿನಲ್ಲಿ ಅವಳ ಅಮ್ಮ ದೋಸೆ ಹಿಟ್ಟು ರುಬ್ಬುತ್ತಿದ್ದಳಂತೆ.

"ಚೆನ್ನಾಗಿದೆ," ಎಂದಳು. "ಇದು ನನ್ನ ಮನೇಲೇ ಇರ್ಲಿ, ಗೋಡೆಗೆ ಹಾಕ್ತೀನಿ. ಬಹುಮಾನ ಬಂದಿದ್ದು ಯಾವುದಕ್ಕೆ? ನನ್ನ ಮನೆಗೆ. ಅದನ್ನ ಕಂಡುಹಿಡಿದಿದ್ದು ಯಾರು? ನಮ್ಮ ಹುಡುಗ. ಒಪ್ಪಿಗೆ ಕೊಡ್ತೀನಿ, ಕ್ಯಾಮೆರಾ ಅವನಿಗೆ ಕೊಡು. ಆ ಪ್ರಶಸ್ತಿ ಪತ್ರ ನೀನಿಟ್ಕೋ, ನೆಂಟ್ರಿಗೆ ತೋರ್ಸೋಕೆ ಆಗುತ್ತೆ. ಡಿಜಿಟಲ್ ಕೈಲಿದ್ರೆ ಕೆಲಸದಲ್ಲಿ ಇಟ್ಕೋತೀನಿ ಅಂದಿದ್ಯಂತೆ, ಆ ಮಾತೂ ಬರೆದುಬಿಡು. ನಾನು ಓದು ಬಾರದವಳು, ಹುಡುಗ ಓದಿ ಹೇಳ್ತಾನೆ."

"ನಾನು ಆ ಗೋಡೆ ಹತ್ತಿ, ಮಂಡಿ ತರಚಿಕೊಂಡು..." ಎಂದು ಸೇತುರಾಮ ಶುರು ಮಾಡಿದ.

"ಹಾಗಾದ್ರೆ ಗೋಡೆ ಬೀಳಿಸಿದವನೂ ನೀನೇನಾ?" ಎಂದಳು ಅಕ್ಕಯ್ಯಮ್ಮ. "ನಾಗನ್ನ ಕರೀಲಾ? ಸುಮೋ ಇಲ್ಲೇ ಇದೆ."

ಸೇತುರಾಮ ಪೆನ್ನು ತೆಗೆದ. ಫಕೀರೇಶನ ಚೀಲದಲ್ಲಿ ಇನ್ನೊಂದು ಹಸಿರು ಕಾಗದ ಸಿದ್ಧವಾಗಿತ್ತು. ಬರುವ ದಾರಿಯಲ್ಲಿ ವತ್ಸಲಾ ಈ ಸಲ ಬಾಡಿಗೆ ಕರಾರನ್ನು ತಿದ್ದದೆ, ಷರತ್ತಿನ ಜಾಗ ಖಾಲಿ ಬಿಟ್ಟು, ಹೊಸದಾಗಿ ಟೈಪ್ ಮಾಡಿಕೊಟ್ಟಿದ್ದಳು. ಅಕ್ಕಯ್ಯಮ್ಮ ಹೇಳಿದ್ದನ್ನು ಆ ಜಾಗದಲ್ಲಿ ಬರೆದು ಫಕೀರೇಶ ಎರಡು ಸಲ ಗಟ್ಟಿಯಾಗಿ ಓದಿದ. ಸೇತುರಾಮ ಜಗಲಿಯ ಅಂಚಿಗೆ ಕುಕ್ಕರಗಾಲಲ್ಲಿ ಕೂತು ಕಾಗದವನ್ನು ಮಂಡಿಯ ಮೇಲಿಟ್ಟುಕೊಂಡ. ಪೆನ್ನು ಕಾಗದಕ್ಕೆ ತಾಗುವ ಮೊದಲು ಅಕ್ಕಯ್ಯಮ್ಮ ಅವನ ಕೈ ಹಿಡಿದಳು.

"ಬಲಗೈಲಿ ಮಾಡಪ್ಪಾ," ಎಂದಳು. "ನಿನ್ನ ಸ್ವಂತ ಹೆಸರಲ್ಲೇ ಮಾಡು. ಆ ರಾಮಯ್ಯಂಗೆ ಪಾಪ ಯಾಕೆ ತೊಂದ್ರೆ?"

ಸೇತುರಾಮ ಸಹಿ ಮಾಡಿದ. ಕ್ಯಾಮೆರಾದ ಪಟ್ಟಿ ಅವನ ಕಾಲರಿಗೆ ಸಿಕ್ಕಿಕೊಂಡಿತ್ತು. ಫಕೀರೇಶ ಹಿಂದಿನಿಂದ ಹೋಗಿ, ಒಂದು ನೂಲೂ ಎಳೆಯದ ಹಾಗೆ, ನಿಧಾನವಾಗಿ ಬಿಡಿಸಿಕೊಂಡ.